ಉಸಿರಾಡುತ್ತಿದ್ದ ಹೆಣ

ಅಪ್ಪ ಸತ್ತು ವರ್ಷ ತುಂಬುವ ಮೊದಲೇ ನಾನು ನಾಟಕದಲ್ಲಿ ಪಾರ್ಟು ಮಾಡಿದೆ. ಆಗ ನಾಲ್ಕನೇ ಕ್ಲಾಸಿನಲ್ಲಿದ್ದೆ. ದೊಡ್ಡ ಪಾರ್ಟೇನಲ್ಲ. ಮೊದಲು ಒಂದೆರಡು ಸಲ ರಂಗದ ಮೇಲೆ ಬಂದು ನಾಲ್ಕು ಮಾತಾಡಿ ಹೋಗಬೇಕು. ಕೊನೆಯ ದೃಶ್ಯದಲ್ಲಿ ಸತ್ತ ತಂದೆಯ ಹೆಣದ ಪಕ್ಕ ಕೂತು ಅಳಬೇಕು. ಮಾತುಗಳನ್ನೆಲ್ಲ ತಪ್ಪಿಲ್ಲದೆ ಹೇಳುತ್ತಿದ್ದೆ. ಅಳು ಮಾತ್ರ ಬರುತ್ತಿರಲಿಲ್ಲ.

ನಾವಿದ್ದದ್ದು ಚಿನ್ನದ ಗಣಿಯ ಊರಿನಲ್ಲಿ, ಕೋರಮಂಡಲ್ ಕಡೆ ಕೂಲಿಯವರಿಗೆ ಸಾಲಾಗಿ ಕಟ್ಟಿದ ಲೈನು ಮನೆಯಲ್ಲಿ. ಒಂದು ಕೋಣೆ, ಮುಂದೆ ಬಿದಿರು ತಟ್ಟಿ ಕಟ್ಟಿದ ಜಗುಲಿ. ಎಡಕ್ಕೆ ತಮಿಳರ ಮನೆ, ಬಲಕ್ಕೆ ತೆಲುಗಿನವರದು. ಅಪ್ಪ ಬಂಗಾರಪೇಟೆ ಹತ್ತಿರದ ಹಳ್ಳಿಯಿಂದ ಬಂದವನು. ಹೊಲದ ಕೆಲಸ ಅಣ್ಣಂದಿರಿಗೇ ಸಾಲದು ಎಂದು ಗಣಿಗೆ ಸೇರಿದ್ದ. ನೆಲದ ಕೆಳಗಿನ ಕೆಲಸ. ಬೆಳಿಗ್ಗೆ ಕಬ್ಬಿಣದ ಬೋನಿನಲ್ಲಿ ಇಳಿದರೆ ಸಂಜೆಗೆ ಬೂದಿ ಬಣ್ಣದವನಾಗಿ ಮೇಲೆ ಬರುತ್ತಿದ್ದ. ಬಂದೊಡನೆ ಅವನಿಗೆ ಒಂದು ಚೊಂಬು ನೀರು ಕೊಡುವುದು ನನ್ನ ಕೆಲಸ.

ಗಣಿಯ ಊರಿನವರಿಗೆ ಏರ್ ಬ್ಲಾಸ್ಟ್ ಎಂದರೆ ಹೊಸ ಮಾತಲ್ಲ. ತುಂಬ ಆಳದಲ್ಲಿ ಬಂಡೆ ತನ್ನ ಭಾರಕ್ಕೆ ತಾನೇ ಸಿಡಿಯುತ್ತದೆ. ಮೇಲೆ ನೆಲ ಒಮ್ಮೆ ಅದುರುತ್ತದೆ, ಗೂಡಿನಲ್ಲಿಟ್ಟ ಲೋಟಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತವೆ. ಹೆಂಗಸರು ಹೊರಗೆ ಬಂದು ಬೋನು ಇಳಿಸಿ ಏರಿಸುವ ಗಣಿಯ ದೊಡ್ಡ ಚಕ್ರ ತಿರುಗುತ್ತಿದೆಯೇ ಎಂದು ನೋಡಿ ಮತ್ತೆ ಒಳಗೆ ಹೋಗುತ್ತಾರೆ. ಆ ದಿನವೂ ಹಾಗೇ ಆಯಿತು. ಒಂದು ಲೋಟ ಉರುಳಿ ಕೆಳಗೆ ಬಿತ್ತು. ಅಮ್ಮ ಅದನ್ನೆತ್ತಿ ಗೂಡಿನಲ್ಲಿಟ್ಟು ಮೊರದಲ್ಲಿದ್ದ ಅಕ್ಕಿಯ ಕಲ್ಲು ಆರಿಸತೊಡಗಿದಳು. ಆಮೇಲೆ ಸಂಗು, ಗಣಿಯ ಸೈರನ್ನು, ಕೂಗಿತು. ಪಾಳಿ ಬದಲಾಗುವ ಹೊತ್ತಲ್ಲ. ಅಮ್ಮ ಮೊರ ಕೆಳಗಿಟ್ಟು ಎದ್ದಳು.

ಬಂಡೆ ಸರಿಸಿ ಒಳಗಿದ್ದವರನ್ನು ಮೇಲೆ ತರಲು ದಿನಗಳೇ ಹಿಡಿದವು. ಅಪ್ಪನನ್ನು ಬಟ್ಟೆಯಲ್ಲಿ ಸುತ್ತಿ, ಹಗ್ಗದಿಂದ ಬಿಗಿದು ತಂದರು. ಹಳ್ಳಿಯಿಂದ ಅಜ್ಜಿ ಬಂದಿದ್ದಳು, ಅಪ್ಪನ ತಾಯಿ. ಅಮ್ಮ, ಅಜ್ಜಿ ಇಬ್ಬರೂ ಮುಖ ತೋರಿಸಿ ಎಂದು ಕೇಳಿದರು. ಲೈನಿನ ಹಿರಿಯರು "ಬ್ಯಾಡಮ್ಮ, ಬ್ಯಾಡ, ಇದ್ದಂಗೇ ಕಳ್ಸ್ಕೊಡಿ" ಎಂದು ಬಿಚ್ಚಗೊಡಲಿಲ್ಲ. ಅಮ್ಮ ಹಗ್ಗದ ಗಂಟಿನ ಮೇಲೆ ಕೈಯಿಟ್ಟುಕೊಂಡು ಸ್ವಲ್ಪ ಹೊತ್ತು ನಿಂತಿದ್ದಳು. ಅವಳು ಕೂಗಿ ಅಳಲಿಲ್ಲ. ನಾನೂ ಅಳಲಿಲ್ಲ. ನೆರೆಯ ಹೆಂಗಸೊಬ್ಬಳು ಇನ್ನೊಬ್ಬಳಿಗೆ "ಈ ಎಣ್ಮಗ ಒಂದು ತೊಟ್ಟು ಕಣ್ಣೀರು ಆಕ್ಲಿಲ್ಲ, ನೋಡ್ದಾ" ಎಂದದ್ದು ನನಗೆ ಕೇಳಿಸಿತು. ನನಗಾಗ ಹಸಿವಾಗಿತ್ತು. ಯಾರನ್ನು ಕೇಳಬೇಕೆಂದು ತಿಳಿದಿರಲಿಲ್ಲ.

ಆಮೇಲೆ ಅಮ್ಮನ ತಮ್ಮ ಬಂದು ನಮ್ಮ ಜೊತೆ ಇದ್ದ. ಅವನಿಗೂ ಗಣಿಯಲ್ಲೇ ಕೆಲಸವಾದ್ದರಿಂದ ಕಂಪನಿಯ ಮನೆ ನಮಗೆ ಉಳಿಯಿತು. ಅಮ್ಮ ನಾಲ್ಕಾರು ಬಂಗಲೆಗಳಲ್ಲಿ ಪಾತ್ರೆ ತೊಳೆಯಲು ಹೋಗುತ್ತಿದ್ದಳು. ರಾತ್ರಿ ಅವಳು ನಿದ್ದೆ ಮಾಡುತ್ತಿರಲಿಲ್ಲ. ಕಣ್ಣು ಬಿಟ್ಟು ಮಲಗಿರುತ್ತಿದ್ದಳು. ನಾನು ಎಚ್ಚರವಾದಾಗಲೆಲ್ಲ ಅವಳ ಕಣ್ಣು ತೆರೆದೇ ಇರುತ್ತಿತ್ತು.

ಆ ಕಾಲಕ್ಕೇ ಗುಮಾಸ್ತರು ನಾಟಕ ಬರೆದರು. ಅವರು ಗಣಿಯ ಆಫೀಸಿನಲ್ಲಿ ಕೂಲಿಯವರ ಹಾಜರಿ ಹಿಡಿಯುವ ಕೆಲಸದಲ್ಲಿದ್ದರು. ತೆಳ್ಳನೆಯ ಮನುಷ್ಯ, ಮೃದು ಮಾತು. ಭಾನುವಾರ ಲೈನಿನ ಮಕ್ಕಳನ್ನು ಕೂಡಿಸಿಕೊಂಡು ಪಾಠ ಹೇಳುತ್ತಿದ್ದರು. ನಾಟಕದ ಕಥೆ ತಾತಂದಿರ ಕಾಲದ್ದು, ಗಣಿಗಳನ್ನು ಹೊಸದಾಗಿ ತೋಡುತ್ತಿದ್ದಾಗಿನದು. ಒಬ್ಬ ಮೇಸ್ತ್ರಿ ಹಳ್ಳಿಗಳಿಂದ ಜನರನ್ನು ಕರೆತರುತ್ತಾನೆ. ದೊಡ್ಡವರು ತೂರಲಾರದ ಸಂದುಗಳಿಗೆ ಅವರ ಮಕ್ಕಳನ್ನು ಹಗ್ಗ ಕಟ್ಟಿ ಇಳಿಸುತ್ತಾನೆ. ಅದನ್ನು ಎದುರಿಸಿದ ಒಬ್ಬ ಕೂಲಿ ಕೆಳಗೇ ಸಾಯುತ್ತಾನೆ. ಅವನು ಊರು ಬಿಟ್ಟು ಓಡಿಹೋದ ಎಂದು ಮೇಸ್ತ್ರಿ ಸುದ್ದಿ ಹಬ್ಬಿಸುತ್ತಾನೆ. ಮಗಳು ಮಾತ್ರ ಬುತ್ತಿ ಹಿಡಿದುಕೊಂಡು ಗುಂಡಿಯ ಬಾಯಲ್ಲಿ ಕಾಯುತ್ತಲೇ ಇರುತ್ತಾಳೆ. ಕೊನೆಗೆ ಉಳಿದ ಕೂಲಿಯವರು ಹೆಣವನ್ನು ಮೇಲೆ ತರುತ್ತಾರೆ. ಮಗಳು ಮುಸುಕು ಸರಿಸಿ, ಮುಖ ನೋಡಿ ಅಳುತ್ತಾಳೆ. ಅಲ್ಲಿಗೆ ಪರದೆ.

ಆ ಮಗಳ ಪಾರ್ಟು ಯಾರಿಗೆಂದು ನೋಡಲು ಗುಮಾಸ್ತರು ಒಂದು ಮಧ್ಯಾಹ್ನ ಹುಡುಗಿಯರನ್ನೆಲ್ಲ ಹೊಂಗೆಮರದ ಕೆಳಗೆ ಸೇರಿಸಿದರು. ಒಬ್ಬೊಬ್ಬರೇ ಮುಂದೆ ಬಂದು "ಅಪ್ಪಾ" ಎಂದು ಕರೆಯಬೇಕು. ಒಬ್ಬಳು ಕಿರುಚಿದಳು, ಒಬ್ಬಳು ನಾಚಿಕೊಂಡು ಓಡಿದಳು, ಇನ್ನೊಬ್ಬಳು ನಗು ತಡೆಯಲಾರದೆ ಕೂತುಬಿಟ್ಟಳು. ನನ್ನ ಸರದಿ ಬಂದಾಗ ಚೊಂಬು ಹಿಡಿದು ಹೇಗೆ ಕರೆಯುತ್ತಿದ್ದೆನೋ ಹಾಗೇ ಕರೆದೆ. ನಗುತ್ತಿದ್ದವರು ಸುಮ್ಮನಾದರು. ಗುಮಾಸ್ತರು "ಸಾಕಮ್ಮ" ಎಂದರು. ಸಂಜೆ ನಮ್ಮ ಮನೆಗೆ ಬಂದು ಅಮ್ಮನನ್ನು ಕೇಳಿದರು.

"ನಿಮ್ಮ ಮಗಳು ನಟನೆ ಮಾಡಬೇಕಾಗೇ ಇಲ್ಲ. ಸುಮ್ಮನೆ ನಿಂತರೆ ಸಾಕು. ಇದು ನಮ್ಮ ಸತ್ತವರ ನಾಟಕ, ನಿಮ್ಮ ಯಜಮಾನರ ನಾಟಕ ಅಂದುಕೊಳ್ಳಿ."

ಅಮ್ಮ ಬಾಗಿಲ ಹಿಂದೆ ನಿಂತಿದ್ದಳು. ಅಲ್ಲಿಂದಲೇ ಕೇಳಿದಳು, "ಕೊನೇಗೆ ಎಣ ತತ್ತಾರಾ?"

"ತರ್ತಾರಮ್ಮ."

"ಮುಖ ತೋರಿಸ್ತಾರಾ?"

"ತೋರಿಸ್ತಾರೆ. ಅದೇ ಕೊನೇ ದೃಶ್ಯ."

"ಕರ್ಕೊಂಡೋಗಿ ಸ್ವಾಮಿ," ಎಂದಳು ಅಮ್ಮ.

ನಾನು ಜಗುಲಿಯ ಮೇಲೆ ಕೂತು ಸ್ಲೇಟು ಒರೆಸುತ್ತಿದ್ದೆ. ಮಾತು ನನ್ನ ಬಗ್ಗೆ ಎಂದು ಗೊತ್ತಿತ್ತು. ಇಬ್ಬರೂ ನನ್ನ ಕಡೆ ತಿರುಗಲಿಲ್ಲ.

ತಂದೆಯ ಪಾರ್ಟು ಮಾಡಿದವನು ಪಕ್ಕದ ಮನೆಯ ತಮಿಳಿನವನು. ನಾನು ಅವನನ್ನು ಮಾಮ ಎನ್ನುತ್ತಿದ್ದೆ. ಅಪ್ಪನ ಗ್ಯಾಂಗಿನಲ್ಲೇ ಕೆಲಸ ಮಾಡುತ್ತಿದ್ದ. ಬಂಡೆ ಸಿಡಿದ ದಿನ ಜ್ವರವೆಂದು ಮನೆಯಲ್ಲಿ ಮಲಗಿದ್ದ. ಅದಾದ ಮೇಲೆ ಅಮ್ಮನ ಎದುರು ಬರುವುದನ್ನೇ ಬಿಟ್ಟಿದ್ದ. ನಲ್ಲಿಯ ಹತ್ತಿರ ಅವಳು ಕಂಡರೆ ಕೊಡ ಅಲ್ಲೇ ಬಿಟ್ಟು ಹೋಗುತ್ತಿದ್ದ. ನಾಟಕಕ್ಕೆ ಅವನು ಯಾಕೆ ಒಪ್ಪಿಕೊಂಡ ಎಂದು ನಾನು ಎಂದೂ ಕೇಳಲಿಲ್ಲ. ಹೆಣವಾಗಿ ಮಲಗುವ ದೃಶ್ಯವನ್ನು ಮೊದಲ ಸಲ ಅಭ್ಯಾಸ ಮಾಡುವಾಗ ನನ್ನನ್ನು ಪಕ್ಕಕ್ಕೆ ಕರೆದ.

"ಪಯಪಡಬಾರ್ದು, ಆಯ್ತಾ? ನಾನು ಸಾಯಲ್ಲ. ಗೋಣಿ ಕೆಳಗೆ ಮೂಚ್ಚು, ಉಸಿರು, ಬಿಡ್ತಾ ಇರ್ತೀನಿ. ನೀನು ನನ್ನ ಹೊಟ್ಟೆ ನೋಡ್ತಾ ಇರು. ಮೇಲೆ ಕೆಳಗೆ, ಮೇಲೆ ಕೆಳಗೆ. ಅದನ್ನೇ ನೋಡು."

ನಾನು ಅದನ್ನೇ ನೋಡುತ್ತಿದ್ದೆ. ಪ್ರತಿ ಸಲ ಹೆಣ ತಂದಿಟ್ಟಾಗಲೂ ಮೊದಲು ಹೊಟ್ಟೆ ನೋಡುತ್ತಿದ್ದೆ. ಏರುತ್ತಿತ್ತು, ಇಳಿಯುತ್ತಿತ್ತು. ಮಾಮ ಸತ್ತಿಲ್ಲವೆಂದು ತಿಳಿದ ಮೇಲೆ ಅಳಲು ಕಾರಣವೇ ಇರಲಿಲ್ಲ. ಗುಮಾಸ್ತರು ಈರುಳ್ಳಿ ತರಿಸಿ ಕಣ್ಣಿಗೆ ಹಿಡಿದರು. ಕಣ್ಣು ಕೆಂಪಾಯಿತು, ಮೂಗು ಸೋರಿತು, ನಾನು ಸೀನಿದೆ. ಎಲ್ಲರೂ ನಕ್ಕರು. ಅವರು ನನ್ನ ಮುಂದೆ ಕುಕ್ಕರಗಾಲಿನಲ್ಲಿ ಕೂತು ಮೆಲ್ಲಗೆ ಹೇಳಿದರು, "ನಿಮ್ಮಪ್ಪನ್ನ ತಂದ ದಿನ ನೆನಪು ಮಾಡ್ಕೋ ಮಗು. ಆವತ್ತು ಹೇಗಿತ್ತು, ಹಾಗೇ ಇರು."

ಆವತ್ತು ಹೇಗಿದ್ದೆನೋ ಹಾಗೇ ಇದ್ದೆ. ಅದನ್ನು ಅವರಿಗೆ ಹೇಳಲು ಬರಲಿಲ್ಲ.

ಅಭ್ಯಾಸದ ಸುದ್ದಿ ಗಣಿಯ ಪಕ್ಕದ ಪೇಟೆಯಾದ ರಾಬರ್ಟ್‌ಸನ್‌ಪೇಟೆಗೆ ಮುಟ್ಟಿತು. ನಾಟಕದ ಮೇಸ್ತ್ರಿಗೆ ಹೆಸರಿರಲಿಲ್ಲ. ಆದರೆ ಅವನ ಜರಿ ಪೇಟ, ಬೆಳ್ಳಿ ಕಟ್ಟಿದ ಕೋಲು ನೋಡಿದರೆ ಯಾರೆಂದು ಎಲ್ಲರಿಗೂ ತಿಳಿಯುತ್ತಿತ್ತು. ಹಿಂದೆ ನಿಜವಾಗಿಯೂ ಹಾಗೆ ಕೂಲಿಯವರನ್ನು ತಂದಿದ್ದ ಮೇಸ್ತ್ರಿಯ ಮನೆತನದವರು ಈಗ ಪೇಟೆಯಲ್ಲಿ ಬಟ್ಟೆಯ ಅಂಗಡಿ ಇಟ್ಟಿದ್ದರು. ಅವರ ಹಿರಿಯರು ಒಂದು ಸಂಜೆ ಜಟಕಾದಲ್ಲಿ ಬಂದಿಳಿದರು. ಜೊತೆಗೆ ಕೋಲು ಹಿಡಿದ ನಾಲ್ಕೈದು ಆಳುಗಳು. ಮುದುಕರು ಹೊಂಗೆಮರದ ಕೆಳಗೆ ನಿಂತು ಅಭ್ಯಾಸವನ್ನು ಕೊನೆಯವರೆಗೂ ನೋಡಿದರು. ಆಮೇಲೆ ಗುಮಾಸ್ತರಿಗೆ ಹೇಳಿದರು:

"ಕೂಸುಗಳ್ನ ಗುಂಡಿಗೆ ಇಳಿಸ್ದ ಅಂತ ನಮ್ಮ ತಾತನ್ನ ಬಯ್ತೀಯಲ್ಲಯ್ಯಾ, ಈ ಕೂಸ್ನ ನೀನು ಎಲ್ಲಿಗೆ ಇಳಿಸ್ತಿದ್ದೀಯ? ಅಪ್ಪ ಸತ್ತು ಇನ್ನೂ ವರ್ಷ ತುಂಬಿಲ್ಲ."

ಗುಮಾಸ್ತರ ಮುಖ ಕೆಂಪಾಯಿತು. "ಮೊದಲು ನಿಮ್ಮ ತಾತ ಇಳಿಸಿದ ಮಕ್ಕಳ ಮಾತು ಮುಗೀಲಿ ಯಜಮಾನರೇ. ಆಮೇಲೆ ಈ ಮಗು ಮಾತು ಆಡೋಣ."

ಗಂಡಸರೆಲ್ಲ ಚಪ್ಪಾಳೆ ತಟ್ಟಿದರು. ಉಳಿದವರನ್ನು ನೋಡಿ ನಾನೂ ತಟ್ಟಿದೆ. ಮುದುಕರು ನನ್ನನ್ನು ಒಂದು ಸಲ ನೋಡಿ ಜಟಕಾ ಹತ್ತಿದರು. ಅವರು ಬಂದದ್ದು ತಮ್ಮ ಮನೆತನದ ಮಾನ ಉಳಿಸಿಕೊಳ್ಳಲು, ನನ್ನ ಮೇಲಿನ ಕನಿಕರಕ್ಕಲ್ಲ. ಅದು ಎಲ್ಲರಿಗೂ ಗೊತ್ತಿತ್ತು. ಹಾಗಾಗಿ ಅವರ ಮಾತಿಗೆ ಉತ್ತರ ಕೊಡಬೇಕೆಂದು ಯಾರಿಗೂ ಅನ್ನಿಸಲಿಲ್ಲ. ಅದೇ ಪ್ರಶ್ನೆಯನ್ನು ನಮ್ಮ ಕಡೆಯವರೊಬ್ಬರು ಕೇಳಿದ್ದರೆ ಏನಾಗುತ್ತಿತ್ತೋ. ಯಾರೂ ಕೇಳಲಿಲ್ಲ.

ಮೊದಲ ಆಟ ಲೈನುಗಳ ನಡುವಿನ ಬಯಲಿನಲ್ಲಿ ನಡೆಯಿತು. ರಾತ್ರಿ ಪಾಳಿಯವರೂ ನೋಡಲೆಂದು ಸಂಜೆ ಬೆಳಕಿರುವಾಗಲೇ ಶುರು ಮಾಡಿದರು. ಹಿಂದೆ ಚಿನ್ನ ತೆಗೆದು ಸುರಿದ ಸೈನೈಡ್ ಮಣ್ಣಿನ ದಿಬ್ಬ, ಮುಂದೆ ಜನ. ನನ್ನ ಮುಖಕ್ಕೆ ಮಸಿ ಬಳಿದಿದ್ದರು, ತಲೆಗೆ ಎಣ್ಣೆ ಹಾಕಬಾರದು ಎಂದಿದ್ದರು. ಕೊನೆಯ ದೃಶ್ಯದಲ್ಲಿ ನಾಲ್ವರು ಹೆಣ ಹೊತ್ತು ತಂದಿಟ್ಟರು. ಮೇಲೆ ಒಂದು ಕರಿ ಕಂಬಳಿ. ಅಂಚಿನಲ್ಲಿ ಬಿಳಿಯ ಎರಡು ಗೆರೆ, ಒಂದು ಮೂಲೆಯಲ್ಲಿ ಸುಟ್ಟ ತೂತು. ಅದು ಅಪ್ಪನ ಕಂಬಳಿ. ಹಳ್ಳಿಯಲ್ಲಿ ಅಜ್ಜಿ ತಾನೇ ಉಣ್ಣೆ ನೂತು, ನೇಯಿಸಿ ಕೊಟ್ಟದ್ದು. ತೂತು ಅವನ ಬೀಡಿಯಿಂದ ಆದದ್ದು. ಅಭ್ಯಾಸದಲ್ಲಿ ಯಾವುದೋ ಗೋಣಿಪಟ್ಟೆ ಹೊದಿಸುತ್ತಿದ್ದರು. ಕಂಬಳಿ ಬರುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ.

ಮುಸುಕು ಸರಿಸಿದೆ. ಬೀಡಿಯ ವಾಸನೆ, ಬೆವರಿನ ವಾಸನೆ ಬಂತು. ಕೆಳಗೆ ಮಾಮನ ಮುಖ. ಹೊಟ್ಟೆ ನೋಡಿದೆ. ಏರುತ್ತಿತ್ತು, ಇಳಿಯುತ್ತಿತ್ತು. ಹೇಳಬೇಕಾದ "ಅಪ್ಪಾ, ಬುತ್ತಿ ತಂದಿದ್ದೀನಿ, ಏಳು" ಎಂಬ ಮಾತು ಹೇಳಿದೆ. ಅಳದೆ ಹೇಳಿದೆ. ಹೆಂಗಸರ ಕಡೆಯಿಂದ ಯಾರೋ "ಅಯ್ಯೋ" ಎಂದು ಕೂಗಿದರು. ಆಮೇಲೆ ಒಬ್ಬರಾದ ಮೇಲೊಬ್ಬರು. ಅವರ ನಡುವೆ ಅಮ್ಮನ ದನಿಯೂ ಇತ್ತು. ಅವಳು ಎದೆ ಹೊಡೆದುಕೊಂಡು, ನೆಲಕ್ಕೆ ಬಾಗಿ ಅಳುತ್ತಿದ್ದಳು. ಅಪ್ಪ ಸತ್ತಾಗ ಅವಳು ಹಾಗೆ ಅತ್ತಿರಲಿಲ್ಲ.

ಆ ರಾತ್ರಿ ಅಮ್ಮ ನಿದ್ದೆ ಮಾಡಿದಳು. ಬಾಯಿ ಸ್ವಲ್ಪ ತೆರೆದುಕೊಂಡು, ಗೊರಕೆ ಹೊಡೆಯುತ್ತ. ಬೆಳಿಗ್ಗೆ ನನ್ನ ತಲೆಗೆ ಎಣ್ಣೆ ಹಚ್ಚಿ ಜಡೆ ಹೆಣೆದಳು. "ಇನ್ನೊಂದು ಕಿತ ಯಾವಾಗ ಆಡ್ತಾರಂತೆ?" ಎಂದು ಕೇಳಿದಳು.

ನಾನು ಅಳದಿದ್ದದ್ದೇ ದೊಡ್ಡ ನಟನೆ ಎಂದು ಜನ ಮಾತಾಡಿಕೊಂಡರು. ಗುಮಾಸ್ತರು ಈರುಳ್ಳಿಯನ್ನು ಬಿಟ್ಟರು. ಮತ್ತೆ ಆಡಿದರು, ಬೇರೆ ಬೇರೆ ಲೈನುಗಳಲ್ಲಿ ಆಡಿದರು. ಒಂದು ಕಡೆ ಕಲ್ಲು ಬಿತ್ತು, ಒಂದು ಕಡೆ ಪೊಲೀಸರು ಬಂದು ಪರದೆ ಬಿಚ್ಚಿಸಿದರು. ಕಲ್ಲು ಬಿದ್ದ ಮೇಲೆ ಜನ ಇನ್ನೂ ಹೆಚ್ಚು ಬರತೊಡಗಿದರು. ಎಲ್ಲಾ ಆಟಕ್ಕೂ ಅಮ್ಮ ಬರುತ್ತಿದ್ದಳು. ಗಂಡನನ್ನು ಗಣಿಗೆ ಕೊಟ್ಟ ಬೇರೆ ಹೆಂಗಸರೂ ಬಂದು ಅವಳ ಪಕ್ಕ ಕೂರುತ್ತಿದ್ದರು. ಆಟ ಮುಗಿದ ಮೇಲೆ ನನ್ನ ಕೆನ್ನೆ ಸವರಿ, ಬೆರಳು ಲಟಕ್ಕೆನ್ನಿಸಿ ದೃಷ್ಟಿ ತೆಗೆಯುತ್ತಿದ್ದರು. ಅವರ ಕೈ ಒದ್ದೆಯಾಗಿರುತ್ತಿತ್ತು. ಶಾಲೆಯಲ್ಲಿ ಜೊತೆಯ ಹುಡುಗಿಯರು ನನ್ನನ್ನು ಆಟಕ್ಕೆ ಸೇರಿಸಿಕೊಳ್ಳುವುದನ್ನು ನಿಲ್ಲಿಸಿದ್ದರು. ನಾನು ಹೆಣ ಮುಟ್ಟುವವಳಂತೆ. ನನಗೆ ಅದೂ ದೊಡ್ಡ ವಿಷಯ ಎನ್ನಿಸಲಿಲ್ಲ. ಗೋಡೆಗೆ ಒರಗಿ ಕೂತು ಅವರು ಕುಂಟಾಬಿಲ್ಲೆ ಆಡುವುದನ್ನು ನೋಡುತ್ತಿದ್ದೆ. ಬಿಸಿಲಿಗೆ ಗೋಡೆ ಬೆಚ್ಚಗಿರುತ್ತಿತ್ತು.

ಬಂಗಾರಪೇಟೆಯ ಆಟ ರೈಲ್ವೆ ಸ್ಟೇಷನ್ ಹತ್ತಿರದ ಅಕ್ಕಿ ಗಿರಣಿಯ ಅಂಗಳದಲ್ಲಿ ಎಂದು ನಿಶ್ಚಯವಾಯಿತು. ನಾವೆಲ್ಲ ರೈಲಿನಲ್ಲಿ ಹೋದೆವು. ಅದು ಸಂತೆಯ ದಿನ. ಜಟಕಾದ ಮೇಲೆ ಒಬ್ಬ ಕೂತು, ತಗಡಿನ ಕೊಳವೆ ಬಾಯಿಗಿಟ್ಟುಕೊಂಡು ಬೀದಿ ಬೀದಿಯಲ್ಲಿ ಸಾರುತ್ತಿದ್ದ:

"ನಿಜವಾಗ್ಲೂ ಗಣೀಲಿ ಅಪ್ಪನ್ನ ಕಳ್ಕೊಂಡ ಕೂಸು! ಬನ್ನಿ, ನೋಡಿ! ಯಾಸ ಅಲ್ಲ, ನಟನೆ ಅಲ್ಲ! ನಿಜವಾದ ತಬ್ಬಲಿ!"

ಗುಮಾಸ್ತರು ಅದನ್ನು ಕೇಳಿ ನಿಂತರು. "ಇದನ್ನ ನಾನು ಹೇಳಿಕೊಟ್ಟಿಲ್ಲ" ಎಂದರು. ಜಟಕಾದವನನ್ನು ಕರೆದು ಬೈದರು. ಆದರೆ ಅವನು ಅಷ್ಟು ಹೊತ್ತಿಗೆ ಊರೆಲ್ಲ ಸುತ್ತಿಬಂದಿದ್ದ. ಅಂಗಳ ಆಗಲೇ ತುಂಬತೊಡಗಿತ್ತು. ಗುಮಾಸ್ತರು ನನ್ನ ಹತ್ತಿರ ಬಂದು ತಲೆ ಸವರಿ ಹೋದರು.

ಸಂತೆಗೆ ಹುಣಿಸೆಹಣ್ಣು ಮಾರಲು ಬಂದಿದ್ದ ಅಜ್ಜಿಗೂ ಆ ಕೂಗು ಕೇಳಿಸಿತ್ತು. ನಾಟಕದ ವಿಷಯವನ್ನು ಅಮ್ಮ ಹಳ್ಳಿಗೆ ತಿಳಿಸಿರಲಿಲ್ಲ. ಅಜ್ಜಿ ಯಾರದೋ ತಬ್ಬಲಿ ಕೂಸು, ಪಾಪ, ಎಂದುಕೊಂಡು ಬುಟ್ಟಿಯ ಸಮೇತ ಬಂದು ಹಿಂದುಗಡೆ ಕೂತಳಂತೆ. ಇದನ್ನು ಅವಳೇ ಆಮೇಲೆ ಹೇಳಿದ್ದು.

ಬಂಗಾರಪೇಟೆಗೆ ಬರುವ ಮುಂಚಿನ ಆಟದಲ್ಲಿ ಒಂದು ಚಿಕ್ಕ ಸಂಗತಿ ಆಗಿತ್ತು. ಮುಂದಿನ ಸಾಲಿನ ಪಡ್ಡೆ ಹುಡುಗನೊಬ್ಬ "ನೋಡ್ರಲಾ, ಎಣ ಉಸ್ರಾಡ್ತದೆ!" ಎಂದು ಕೂಗಿ, ನಾಲ್ಕು ಜನ ನಕ್ಕಿದ್ದರು. ಮಾಮನಿಗೆ ತುಂಬ ಅವಮಾನವಾಗಿತ್ತು. ಮಸಿ ಬಳಿದ ಮುಖ ತೊಳೆಯದೆ ಮೂಲೆಯಲ್ಲಿ ಕೂತಿದ್ದ. ಬಂಗಾರಪೇಟೆಯಲ್ಲಿ ಹಾಗಾಗಬಾರದೆಂದು ಅವನೇ ನಿಶ್ಚಯಿಸಿಕೊಂಡಿದ್ದ. ಯಾರೂ ಅವನಿಗೆ ಹೇಳಿಕೊಟ್ಟದ್ದಲ್ಲ. ನನಗೆ ಹೇಳುವುದನ್ನು ಮರೆತ.

ಹೆಣ ತಂದಿಟ್ಟರು. ಎಂದಿನಂತೆ ಮೊದಲು ಹೊಟ್ಟೆ ನೋಡಿದೆ. ಕಂಬಳಿ ಅಲುಗಲಿಲ್ಲ. ಕಾದೆ. ಅಲುಗಲಿಲ್ಲ. ಮುಸುಕು ಸರಿಸಬೇಕಿತ್ತು, ಕೈ ಮುಂದೆ ಹೋಗಲಿಲ್ಲ. ಪರದೆಯ ಪಕ್ಕದಿಂದ ಗುಮಾಸ್ತರು "ಹೇಳು, ಅಪ್ಪಾ ಬುತ್ತಿ ತಂದಿದ್ದೀನಿ" ಎಂದು ಪಿಸುಗುಟ್ಟಿದರು. ನನಗೆ ಮಾತು ನೆನಪಿತ್ತು. ಬಾಯಿ ತೆರೆಯಲಾಗಲಿಲ್ಲ. ಕಂಬಳಿಯ ಸುಟ್ಟ ತೂತಿನೊಳಗಿಂದ ಮಾಮನ ಅಂಗಿಯ ಒಂದು ಚೂರು ಕಾಣುತ್ತಿತ್ತು. ಅದನ್ನೇ ನೋಡುತ್ತ ನಿಂತೆ. ಹೆದರಿಕೆಯಾಯಿತು ಎಂದು ಬರೆಯಬಹುದಿತ್ತು, ಆದರೆ ಹೆದರಿಕೆ ಆಗಲಿಲ್ಲ. ಅಂಗಾಲಿನಿಂದ ಏನೋ ತಣ್ಣಗೆ ಏರಿದ ಹಾಗಾಯಿತು. ಅಂಗಳವಿಡೀ ಸದ್ದಿಲ್ಲ. ಎಲ್ಲೋ ಎಂಜಿನ್ನು ನೀರು ಹಿಡಿಯುವ ಶಬ್ದ.

ಆಗ ಜನರ ನಡುವಿಂದ ಅಜ್ಜಿ ಎದ್ದು ಬಂದಳು. ನನ್ನನ್ನು ಮಸಿಯಲ್ಲಿ ಗುರುತಿಸಿದ್ದಳೋ ಇಲ್ಲವೋ, ಬಿಳಿಯ ಎರಡು ಗೆರೆಯನ್ನಂತೂ ಗುರುತಿಸಿದ್ದಳು. ಬುಟ್ಟಿಯನ್ನು ಕೆಳಗಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಲಗೆಯ ಮೆಟ್ಟಿಲು ಹತ್ತಿದಳು. ಮಾಮನ ಮೈಮೇಲಿನ ಕಂಬಳಿಯನ್ನು ಎಳೆದಳು. ಮಾಮ ಕಣ್ಣು ತೆರೆಯಲಿಲ್ಲ. ಇದು ನಾನೇ ಸರಿಸಿದ್ದು ಎಂದು ತಿಳಿದು ಅವನು ಉಸಿರು ಬಿಗಿಹಿಡಿದೇ ಮಲಗಿದ್ದ. ಅಜ್ಜಿ ಕಂಬಳಿಯನ್ನು ಎರಡು ಮಡಿಕೆ, ನಾಲ್ಕು ಮಡಿಕೆ ಮಾಡಿ ಹೆಗಲಿಗೆ ಹಾಕಿಕೊಂಡಳು. ನನ್ನ ಕೈ ಹಿಡಿದಳು.

"ಬಾರವ್ವ, ಓಗಾಣ" ಎಂದಳು.

ನಾವು ಮೆಟ್ಟಿಲಿಳಿದು, ಬುಟ್ಟಿ ಎತ್ತಿಕೊಂಡು, ಜನರ ನಡುವೆ ನಡೆದು ಹೋದೆವು. ನಾಟಕದ ಮುದುಕಿ ಮೊಮ್ಮಗಳನ್ನು ಕರೆದುಕೊಂಡು ಹೋಗುತ್ತಿದ್ದಾಳೆ ಎಂದು ಜನ ತಿಳಿದರು. ದಾರಿ ಬಿಟ್ಟರು. ಚಪ್ಪಾಳೆ ಹೊಡೆದರು. ನಾವು ಗಿರಣಿಯ ಗೇಟು ದಾಟಿದ ಮೇಲೂ ಚಪ್ಪಾಳೆ ಕೇಳುತ್ತಿತ್ತು. ಅಂಥ ಚಪ್ಪಾಳೆ ಆ ನಾಟಕಕ್ಕೆ ಮೊದಲೆಂದೂ ಬಿದ್ದಿರಲಿಲ್ಲವಂತೆ.

ಹಳ್ಳಿಯ ಗಾಡಿಯಲ್ಲಿ ಅಜ್ಜಿ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡಳು. ಹುಣಿಸೆಹಣ್ಣಿನ ಒಂದು ಉಂಡೆ ಕೊಟ್ಟಳು. ನಾನು ಚೀಪಿದೆ.

ಆಟದ ದಿನ ಜನರ ನೂಕಿನಲ್ಲಿ ನಮ್ಮ ಹತ್ತಿರ ಬರಲಾಗದ ಅಮ್ಮ ಮರುದಿನ ಬಂದಳು. ಜಗುಲಿಯ ಕೆಳಗೆ ನಿಂತು, ಮೇಲೆ ಹತ್ತದೆ, "ನನ್ ಮಗೀನ ಕಳ್ಸು" ಎಂದಳು.

"ಕಂಬಳಿ ಕಳ್ಳತನ ಮಾಡಿದ್ಯಾರು?" ಎಂದಳು ಅಜ್ಜಿ. "ಆ ಗುಮಾಸ್ತನಾ?"

"ಯಾರೂ ಮಾಡ್ಲಿಲ್ಲ. ನಾನೇ ಕೊಟ್ಟೆ."

ಅಜ್ಜಿ ಅವಳನ್ನೇ ನೋಡಿದಳು. "ನನ್ ಮಗಂದು ಕಣೇ ಅದು. ಯಾವನೋ ಬಣ್ಣದೋನ ಮೈಮೇಲೆ ಒದ್ದಿಸಕ್ಕೆ ಕೊಟ್ಯಾ?"

"ನಂಗೆ ಅವರ ಮುಖ ತೋರ್ಸ್ಲಿಲ್ಲ," ಎಂದಳು ಅಮ್ಮ. "ಅಗ್ಗ ಕಟ್ಟಿ ತಂದ್ರು, ಅಗ್ಗ ಕಟ್ಟೇ ಒತ್ಕೊಂಡೋದ್ರು. ನಾಟಕದಾಗೆ ಕಂಬಳಿ ತೆಗೀತಾರಲ್ಲ, ಆವಾಗ ಒಂದು ಗಳಿಗೆ ಅವರೇ ಅಂತ ಅನ್ನಿಸ್ತದೆ. ಅಷ್ಟೇ. ಒಂದು ಗಳಿಗೆ."

"ನಂಗೆ ಮಾತ್ರ ತೋರ್ಸಿದ್ರಾ?"

ಅಮ್ಮ ಜಗುಲಿಯ ಅಂಚು ಹಿಡಿದುಕೊಂಡಳು. ಹಸು ಬಾಲ ಬೀಸುತ್ತಿತ್ತು. ಕೊನೆಗೆ ಅಜ್ಜಿ "ಅದಕ್ಕೆ ಈ ಕೂಸಾ?" ಎಂದಳು. ದನಿಯಲ್ಲಿ ಜಗಳವಿರಲಿಲ್ಲ. ಅಮ್ಮ ನನ್ನ ಕಡೆ ತಿರುಗಿದಳು. ಆ ಮೊದಲು ಯೋಚಿಸಿರಲಿಲ್ಲವೇನೋ ಎಂಬಂತೆ ನೋಡಿದಳು. "ಇವಳು ಏನೂ ಅನ್ಲಿಲ್ವಲ್ಲ," ಎಂದಳು. ನಾನು ಏನೂ ಅಂದಿರಲಿಲ್ಲ, ನಿಜ.

ಅಮ್ಮ ಒಂಟಿಯಾಗಿ ವಾಪಸು ಹೋದಳು. ನಾನು ಅಜ್ಜಿಯ ಜೊತೆ ಉಳಿದೆ. ಗುಮಾಸ್ತರೂ ಒಂದು ದಿನ ಬಂದರು. ಅಜ್ಜಿ ಅವರಿಗೆ ಮಜ್ಜಿಗೆ ಕೊಟ್ಟಳು, ಬೈಯಲಿಲ್ಲ. ಅವರು ಲೋಟ ಹಿಡಿದುಕೊಂಡು, ಈ ನಾಟಕದಿಂದ ಹಳೆಯ ಅನ್ಯಾಯ ಜನಕ್ಕೆ ತಿಳಿಯುತ್ತದೆ, ಮುಂದೆ ಹೀಗಾಗುವುದಿಲ್ಲ, ನಿಮ್ಮ ಮಗನಂಥವರಿಗಾಗಿಯೇ ಬರೆದದ್ದು ಎಂದೆಲ್ಲ ಹೇಳಿದರು. ಮನಸ್ಸಿನಿಂದಲೇ ಹೇಳುತ್ತಿದ್ದರು, ಅವರ ಕಣ್ಣಲ್ಲಿ ನೀರಿತ್ತು. ಅಜ್ಜಿಗೆ ಅರ್ಧ ತಿಳಿಯಿತೋ ಇಲ್ಲವೋ. "ನಾಟ್ಕ ಒಳ್ಳೇದೇ ಇರ್ಬೋದು ಸ್ವಾಮಿ. ಬೇರೆ ಮಗೀನ ನೋಡ್ಕಳಿ," ಎಂದಳು. ಅವರು ಹೋದ ಮೇಲೆ ಲೋಟ ತೊಳೆದಿಟ್ಟಳು.

ಅಪ್ಪನ ವರ್ಷದ ಎಡೆಯ ದಿನ ದಾಯಾದಿಗಳ ಮನೆಯ ಹೆಂಗಸರೆಲ್ಲ ಬಂದಿದ್ದರು. ಊಟ ಮುಗಿದ ಮೇಲೆ ಅಜ್ಜಿ ನನ್ನನ್ನು ನಡುಮನೆಗೆ ಕರೆದು ಕೂರಿಸಿಕೊಂಡಳು. "ನಾಟಕದಾಗೆ ಏನೋ ಅಂತಿದ್ದೆಯಲ್ಲ, ಅಪ್ಪಾ ಬುತ್ತಿ ಅಂತ. ಒಂದು ಕಿತ ಅನ್ನವ್ವ, ಇವರೂ ಕೇಳ್ಲಿ" ಎಂದಳು. ನಾನು ಅಂದೆ. ಅಜ್ಜಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ಉಳಿದವರೂ ಅತ್ತರು. ನಾನು ಹಿತ್ತಲಿಗೆ ಹೋಗಿ ಕೈ ತೊಳೆದುಕೊಂಡೆ. ಅಜ್ಜಿಯದು ತಪ್ಪೆಂದು ನಾನು ಆಗಲೂ ಅಂದುಕೊಳ್ಳಲಿಲ್ಲ, ಈಗಲೂ ಅಂದುಕೊಳ್ಳುವುದಿಲ್ಲ. ಅವಳಿಗೂ ಬೇಕಿತ್ತು. ಎಲ್ಲರಿಗೂ ಬೇಕಿತ್ತು, ಆ ಮಾತು ಹೇಳಬಲ್ಲವಳು ನಾನೊಬ್ಬಳೇ ಇದ್ದೆ.

ನಾಟಕಕ್ಕೆ ಗುಮಾಸ್ತರು ತಮ್ಮ ಸ್ವಂತ ಮಗಳನ್ನೇ ಹಾಕಿದರು. ಬಟ್ಟೆ ಅಂಗಡಿಯ ಮುದುಕರ ಮಾತು ಅವರ ಮನಸ್ಸಿನಲ್ಲಿ ಉಳಿದಿತ್ತೇನೋ. ಆ ಹುಡುಗಿ ಚೆನ್ನಾಗಿ ಅಳುತ್ತಿದ್ದಳಂತೆ, ಕಣ್ಣೀರು ದಳದಳ ಸುರಿಸುತ್ತಿದ್ದಳಂತೆ. ಆಟ ಮುಗಿದೊಡನೆ ತಂದೆಯ ತೋಳಿಗೆ ಜೋತುಬಿದ್ದು ಮಿಠಾಯಿ ಕೇಳುತ್ತಿದ್ದಳಂತೆ. ಜನ ಒಂದೆರಡು ಸಲ ನೋಡಿ ಸುಮ್ಮನಾದರು. ಯಾರೂ ತಡೆಯಲಿಲ್ಲ, ಕಲ್ಲೂ ಬೀಳಲಿಲ್ಲ. ನಾಟಕ ತಾನಾಗಿ ನಿಂತುಹೋಯಿತು. ಮಾಮ ಗಣಿ ಬಿಟ್ಟು ತನ್ನ ಊರಿಗೆ ಹೋದ. ಹೋಗುವ ಮುಂಚೆ ಅಮ್ಮನ ಬಾಗಿಲಿಗೆ ಬಂದು ಕೈಮುಗಿದು ನಿಂತಿದ್ದನಂತೆ. ಅಮ್ಮ "ಓಗ್ಬಾಪ್ಪ" ಎಂದಳಂತೆ.

ನಾನು ಬಂಗಾರಪೇಟೆಯಲ್ಲಿ ಹೈಸ್ಕೂಲು ಮುಗಿಸಿ, ಟೀಚರ್ ತರಬೇತಿ ಪಡೆದು, ಅಲ್ಲೇ ಹತ್ತಿರದ ಹಳ್ಳಿಯ ಶಾಲೆಗೆ ಸೇರಿದೆ. ಅಷ್ಟು ಹೊತ್ತಿಗೆ ಅರವತ್ತರ ದಶಕ ಅರ್ಧ ಕಳೆದಿತ್ತು. ಒಂದು ದಿನ ಇಲಾಖೆಯ ಕೆಲಸಕ್ಕೆಂದು ಬೆಂಗಳೂರಿನ ರೈಲು ಹತ್ತಿದೆ. ಎದುರಿನ ಸೀಟಿನಲ್ಲಿ ಗುಮಾಸ್ತರು ಕೂತಿದ್ದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ಅವರೇ ಗುರುತು ಹಿಡಿದರು. ಅಮ್ಮನ ವಿಚಾರ ಕೇಳಿದರು, ಹೇಳಿದೆ. ಆಮೇಲೆ ಕಿಟಕಿಯ ಆಚೆ ನೋಡುತ್ತ ಕೇಳಿದರು.

"ಆವತ್ತು ಗಿರಣಿ ಅಂಗಳದಲ್ಲಿ ನಿಂತುಬಿಟ್ಟೆಯಲ್ಲ. ನಿನಗೆ ಏನನ್ನಿಸ್ತಮ್ಮ ಆಗ?"

"ಏನೂ ಅನ್ನಿಸಲಿಲ್ಲ ಸರ್."

"ನಾನು ನಿಮ್ಮಮ್ಮನ್ನ ಕೇಳಿದ್ದೆ."

"ಗೊತ್ತು ಸರ್."

"ನಿನ್ನನ್ನ ಕೇಳಲಿಲ್ಲ."

"ಕೇಳಿದ್ದರೂ ಹೂಂ ಅಂತಿದ್ದೆ ಸರ್."

ಅದೂ ಸುಳ್ಳಲ್ಲ. ಆ ವಯಸ್ಸಿನಲ್ಲಿ ದೊಡ್ಡವರು ಕೇಳಿದರೆ ಮಕ್ಕಳು ಹೂಂ ಎನ್ನುತ್ತಾರೆ. ದಿನವೂ ನೋಡುತ್ತೇನೆ. ನನ್ನ ಉತ್ತರದಿಂದ ಅವರಿಗೆ ಸಮಾಧಾನವಾಯಿತೋ, ಇನ್ನೇನಾದರೂ ಆಯಿತೋ, ಅವರ ಮುಖದಲ್ಲಿ ತಿಳಿಯಲಿಲ್ಲ. ಮಾಲೂರಿನಲ್ಲಿ ಸೀಬೆಹಣ್ಣು ಕೊಂಡು ನನಗೊಂದು ಕೊಟ್ಟರು. ಉಪ್ಪು ಖಾರ ಹಚ್ಚಿಕೊಂಡು ಇಬ್ಬರೂ ತಿಂದೆವು.

ತಿನ್ನುತ್ತ ತಾವು ಹೊರಟ ಕೆಲಸ ಹೇಳಿದರು. ಸಿನಿಮಾದವರು ಯಾರೋ ಅವರ ನಾಟಕದ ಬಗ್ಗೆ ಕೇಳಿ ಕರೆಸಿದ್ದಾರೆ. ಗಣಿಯ ಆ ಕಾಲವನ್ನು ತೆರೆಯ ಮೇಲೆ ತರಬೇಕೆಂದಿದ್ದಾರೆ. "ಮಗಳ ಪಾತ್ರಕ್ಕೆ ಪಟ್ಟಣದ ಹುಡುಗಿ ಬೇಡವಂತೆ. ಕಷ್ಟ ಕಂಡಿರೋ ಮುಖ ಬೇಕಂತೆ. ನಿಮ್ಮ ಶಾಲೇಲಿ ಅಂಥಾ ಮಗು ಯಾವುದಾದ್ರೂ..." ಎಂದು ನಿಲ್ಲಿಸಿದರು. ತಾವೇ ಆಡಿದ ಮಾತು ತಮಗೇ ಕೇಳಿಸಿದಂತೆ ಕೈಯಲ್ಲಿದ್ದ ಹಣ್ಣನ್ನು ನೋಡಿಕೊಂಡರು.

"ಇಲ್ಲ ಸರ್," ಎಂದೆ.

ಇದ್ದಳು. ಎರಡನೇ ಸಾಲಿನಲ್ಲಿ ಕೂರುತ್ತಿದ್ದಳು. ಬಾವಿ ತೋಡುವಾಗ ಮಣ್ಣು ಕುಸಿದು ಅವಳ ಅಪ್ಪ ಹೋಗಿದ್ದ. ಅವಳ ಅಮ್ಮನನ್ನು ಕೇಳಿದ್ದರೆ ಒಪ್ಪುತ್ತಿದ್ದಳೋ ಏನೋ, ಅದು ನನಗೆ ಗೊತ್ತಿಲ್ಲ. ಒಂದು ಅವಕಾಶ ತಪ್ಪಿಸಿದೆನೇನೋ. ಅದೂ ಗೊತ್ತಿಲ್ಲ. ಗುಮಾಸ್ತರು ಕಂಟೋನ್ಮೆಂಟಿನಲ್ಲಿ ಚೀಲ ಹೆಗಲಿಗೇರಿಸಿ, "ಬರ್ತೀನಮ್ಮ" ಎಂದು ಇಳಿದರು. ಆ ಸಿನಿಮಾ ಬಂದ ಸುದ್ದಿ ನಾನಂತೂ ಕೇಳಲಿಲ್ಲ.

ಕೆಲಸ ಮುಗಿಸಿ ನಾನು ಶಾಲೆಗೆ ವಾಪಸಾದಾಗ ಆ ಹುಡುಗಿಯ ತಲೆ ಬೋಳಿಸಿದ್ದರು. ಹೇನು ಹೆಚ್ಚಾಗಿತ್ತಂತೆ. ಒಂದು ಟವೆಲ್ಲನ್ನು ತಲೆಗೆ ಸುತ್ತಿಕೊಂಡು ಕೂತಿದ್ದಳು. ಹಿಂದಿನ ಹುಡುಗರು ಅದನ್ನು ಎಳೆಯುತ್ತಿದ್ದರು. ಅವಳನ್ನು ಎಬ್ಬಿಸಿ ಮುಂದಿನ ಸಾಲಿಗೆ ಬಾ ಎಂದೆ. ಅವಳು ಒಲ್ಲೆನೆಂದು ತಲೆಯಾಡಿಸಿದಳು. "ನಾನು ಇಲ್ಲೇ ಕೂತ್ಕೊತೀನಿ ಮಿಸ್" ಎಂದಳು. ಸರಿ ಎಂದು ಹುಡುಗರನ್ನು ಬೇರೆ ಕಡೆ ಕೂರಿಸಿ, ಪಾಠ ಶುರು ಮಾಡಿದೆ.